ಪಾಠದ ಆಪ್‌ಗಳು ಬದಲಾಗುತ್ತಲೇ ಇದ್ದರೆ ಮೇಷ್ಟ್ರು ಏನು ಮಾಡಬೇಕು?

2020ರ ಕೊನೆಗೆ ಬ್ರೌಸರ್‌ನಲ್ಲಿ ಆನಿಮೇಷನ್ ಓಡಿಸುತ್ತಿದ್ದ ಫ್ಲ್ಯಾಶ್ ಅನ್ನೋ ಸಾಫ್ಟ್‌ವೇರ್ ನಿಂತಾಗ ಎಷ್ಟೋ ವಿಜ್ಞಾನದ ಆನಿಮೇಷನ್‌ಗಳು ತೆರೆಯದಂತಾದವು. 2024ರ ಕೊನೆಗೆ ಗೂಗಲ್‌ನ ಆನ್‌ಲೈನ್ ಬಿಳಿಹಲಗೆ ಜ್ಯಾಮ್‌ಬೋರ್ಡ್ ಕೂಡ ಮುಚ್ಚಿತು. ಹಾಗಂತ ಹೊಸ ಆಪ್ ಬಂತಾ ಅಂತ ದಿನಾ ಹುಡುಕಬೇಡಿ, ಸುಮ್ನೆ ತಲೆ ಕೆಡುತ್ತದೆ.

ಪಾಠಕ್ಕೆ ನಿಜವಾಗಿ ಬಳಸುವ ಲಿಂಕ್‌ಗಳನ್ನು ಮಾತ್ರ ಒಂದು ಶೀಟ್‌ಗೆ ಹಾಕಿ, ಪಕ್ಕದಲ್ಲಿ ಯಾವ ಪಾಠಕ್ಕೆ, ಕೊನೆಯ ಸಲ ಯಾವಾಗ ತೆರೆದದ್ದು ಅಂತ ಬರೆದಿಡಿ. ದಸರಾ ರಜೆ, ಬೇಸಿಗೆ ರಜೆ ಮುಗಿದ ಕೂಡಲೇ ಒಂದೊಂದಾಗಿ ತೆರೆದು ನೋಡಿ, ಅದೂ ಶಾಲೆಯ ಕಂಪ್ಯೂಟರ್‌ನಲ್ಲೇ, ಯಾಕಂದ್ರೆ ನಿಮ್ಮ ಫೋನಿನಲ್ಲಿ ಓಡಿದ್ದು ಅಲ್ಲಿನ ಹಳೇ ಬ್ರೌಸರ್‌ನಲ್ಲಿ ಓಡುತ್ತದೆ ಅನ್ನೋ ಗ್ಯಾರಂಟಿ ಇಲ್ಲ ಅಲ್ವಾ?

ನೀವು ಮಾಡಿದ ಕೆಲಸವನ್ನು ಹೊರಗೆ ತೆಗೆಯಲು ಬಿಡದ ಆಪ್ ಎಷ್ಟೇ ಚೆಂದ ಇದ್ದರೂ ನಾನಂತೂ ಮುಟ್ಟುವುದಿಲ್ಲ. ಗಣಿತದ ಆಪ್ ಜಿಯೋಜಿಬ್ರಾದಲ್ಲಿ ಮಾಡಿದ್ದನ್ನು ಫೈಲ್ ಆಗಿ ಉಳಿಸಿಕೊಳ್ಳಬಹುದು. ವಿಜ್ಞಾನ, ಗಣಿತದ ಪ್ರಯೋಗಗಳನ್ನು ಪರದೆಯ ಮೇಲೆ ಮಾಡಿ ನೋಡುವ ಫೆಟ್ (PhET) ಸಿಮ್ಯುಲೇಷನ್‌ಗಳಲ್ಲಿ ಎಚ್‌ಟಿಎಂಎಲ್5 (ಬ್ರೌಸರ್‌ನಲ್ಲೇ ನೇರವಾಗಿ ಓಡುವ ಬಗೆ) ಇರುವುದನ್ನು ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ, ನೆಟ್ ಇಲ್ಲದಿದ್ದರೂ ನಡೆಯುತ್ತದೆ.