ತಲೆಗೆ ಪೆಟ್ಟಾದ ಮೇಲೆ ಫಿಟ್ಸ್ ಬರಬಹುದೇ? ಸ್ಕ್ಯಾನ್‌ನಿಂದ ಅಂದಾಜು ಪಡೆಯುವುದು ಹೀಗೆ

ಲೋಕಲ್‌ನಿಂದ ಬಿದ್ದವರು, ಬೈಕ್ ಜಾರಿದವರು, ಕಟ್ಟಡದ ಸಾರ್ವೆಯಿಂದ ಉರುಳಿದವರು ಮುಂಬೈಯ ಆಸ್ಪತ್ರೆಗಳಿಗೆ ದಿನವೂ ಬರುತ್ತಾರೆ. ಜೀವ ಉಳಿದು ಮನೆಗೆ ಬಂದ ಮೇಲೆ ಮನೆಯವರನ್ನು ಕಾಡುವ ಪ್ರಶ್ನೆ ಒಂದೇ: ಇನ್ನು ಮುಂದೆ ಫಿಟ್ಸ್ ಬರುತ್ತದೆಯೇ? ಬರುತ್ತದೆ, ಬರುವುದಿಲ್ಲ ಎಂದು ಯಾವ ಸ್ಕ್ಯಾನೂ ಹೇಳಲಾರದು. ಸಾಧ್ಯತೆ ಕಡಿಮೆಯೋ ಹೆಚ್ಚೋ ಎಂಬುದನ್ನಷ್ಟೇ ಹೇಳುತ್ತದೆ. ಅದಕ್ಕೂ ಎರಡು ವಸ್ತು ಕೈಯಲ್ಲಿರಬೇಕು: ಪೆಟ್ಟಾದ ದಿನದ ಸಿ.ಟಿ. ಮತ್ತು ಕೆಲವು ತಿಂಗಳ ನಂತರ ಸರಿಯಾದ ಕ್ರಮದಲ್ಲಿ ತೆಗೆದ ಎಂ.ಆರ್.ಐ. ಮೊದಲನೆಯದನ್ನು ಕಳೆದುಕೊಂಡು, ಎರಡನೆಯದನ್ನು ಅರೆಬರೆ ಮಾಡಿಸಿಕೊಂಡು ಬರುವವರೇ ಹೆಚ್ಚು.

1. ಕೇಸ್ ಪೇಪರ್ ನೋಡಿ ಬರೆದಿಡಿ

ಪೆಟ್ಟಾದ ತಾರೀಖು, ದಾಖಲಾದಾಗಿನ ಜಿ.ಸಿ.ಎಸ್. ಅಂಕ (ಪ್ರಜ್ಞೆಯ ಮಟ್ಟದ ಅಳತೆ), ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ, ಯಾವ ಆಪರೇಷನ್ ಆಯಿತು, ಫಿಟ್ಸ್ ಬಂದಿದ್ದರೆ ಎಷ್ಟನೇ ದಿನ. ಈ ಕೊನೆಯ ಅಂಶವನ್ನು ಮರೆಯಲೇಬಾರದು. ಮೊದಲ 7 ದಿನಗಳಲ್ಲಿ ಬಂದ ಫಿಟ್ಸ್ ತಾಜಾ ಗಾಯದ ಪ್ರತಿಕ್ರಿಯೆ, ಅದೊಂದರಿಂದಲೇ ಮೂರ್ಛೆರೋಗ ಎನ್ನಲಾಗದು. ವಾರ ಕಳೆದ ಮೇಲೆ ಬಂದದ್ದರ ಲೆಕ್ಕವೇ ಬೇರೆ. ಅಮೆರಿಕದ ಮಿನ್ನೆಸೋಟದ ದಾಖಲೆಗಳನ್ನು ಆಧರಿಸಿ 1998ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪೆಟ್ಟಾದ 30 ವರ್ಷಗಳೊಳಗೆ ಫಿಟ್ಸ್ ಬಂದವರು ಸೌಮ್ಯ ಪೆಟ್ಟಿನವರಲ್ಲಿ ಶೇ 2.1, ಮಧ್ಯಮದವರಲ್ಲಿ ಶೇ 4.2, ತೀವ್ರದವರಲ್ಲಿ ಶೇ 16.7. ಸೌಮ್ಯ ಪೆಟ್ಟಾಗಿ, ಸಿ.ಟಿ.ಯೂ ಸರಿಯಿದ್ದು, ಫಿಟ್ಸ್ ಬಂದೇ ಇಲ್ಲವಾದರೆ ಮುಂದಿನ ಹಂತಗಳಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ.

2. ಮೊದಲ ದಿನದ ಸಿ.ಟಿ.ಯ ಸಿ.ಡಿ. ತೆಗೆದುಕೊಳ್ಳಿ

ಫಿಲ್ಮ್ ಸಾಲದು. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲ್‌ನಲ್ಲಿ ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಂತೂ ಬೇಡವೇ ಬೇಡ, ಅದರಲ್ಲಿ ಸಣ್ಣ ರಕ್ತಸ್ರಾವ ಕಾಣುವುದೇ ಇಲ್ಲ. ಡಿಸ್ಚಾರ್ಜ್‌ಗೆ ಮುಂಚೆಯೇ ರೇಡಿಯಾಲಜಿ ವಿಭಾಗದಲ್ಲಿ ಡೈಕಾಮ್ ಫೈಲ್‌ಗಳಿರುವ (ಸ್ಕ್ಯಾನ್‌ನ ಮೂಲ ಡಿಜಿಟಲ್ ಚಿತ್ರಗಳಿರುವ) ಸಿ.ಡಿ. ಕೇಳಿ, 'ಥಿನ್ ಸ್ಲೈಸ್', ಅಂದರೆ ತೆಳು ಪದರಗಳ ಚಿತ್ರ, ಸೇರಿಸಿ ಎನ್ನಿ. ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ: ಮೂವತ್ತೋ ನಲವತ್ತೋ ಚಿತ್ರಗಳಷ್ಟೇ ಇದ್ದರೆ ಅದು 5 ಮಿ.ಮೀ. ದಪ್ಪದ ಸ್ಲೈಸ್. 1 ಮಿ.ಮೀ.ನದಾದರೆ ನೂರೈವತ್ತರ ಆಚೆಗಿರುತ್ತದೆ. ಕೂಡಲೇ ಪೆನ್‌ಡ್ರೈವ್‌ಗೂ ಒಂದು ನಕಲು ಹಾಕಿ.

ರೈಲು ಅಪಘಾತದವರ ವಿಷಯದಲ್ಲಿ ಒಂದು ತೊಡಕಿದೆ. ಗುರುತು ಸಿಗದೆ ದಾಖಲಾದವರ ಸ್ಕ್ಯಾನ್ 'ಅನ್‌ನೋನ್' ಎಂಬ ಹೆಸರಿನಲ್ಲೇ ಉಳಿದಿರುತ್ತದೆ. ನಿಜವಾದ ಹೆಸರು ಹೇಳಿ ಹುಡುಕಿಸಿದರೆ ಸಿಗದು, ಎಂ.ಎಲ್.ಸಿ. ನಂಬರ್ (ಪೊಲೀಸ್ ಪ್ರಕರಣವಾಗಿ ಆಸ್ಪತ್ರೆ ದಾಖಲಿಸಿದ ಸಂಖ್ಯೆ) ಹೇಳಿ. ಊರಿಗೆ, ವಿಜಯಪುರಕ್ಕೋ ಉಡುಪಿಗೋ ಹೊರಟ ಮೇಲೆ ಇದನ್ನು ತರಿಸಿಕೊಳ್ಳುವುದು ಬಲು ಕಷ್ಟ.

ಇದರಲ್ಲಿ ವೈದ್ಯರು ನೋಡುವುದು: ಮೆದುಳಿನ ಯಾವ ಭಾಗ ಜಜ್ಜಿದೆ, ಎಷ್ಟು ಕಡೆ, ಸಬ್‌ಡ್ಯೂರಲ್ ರಕ್ತ (ಮೆದುಳಿಗೂ ಅದರ ಹೊರಪೊರೆಗೂ ನಡುವೆ ಸೇರಿದ ರಕ್ತ) ಇದೆಯೇ, ಮೂಳೆ ಒಳಕ್ಕೆ ತಗ್ಗಿದೆಯೇ, ಮೆದುಳಿನ ಮಧ್ಯರೇಖೆ 5 ಮಿ.ಮೀ.ಗಿಂತ ಹೆಚ್ಚು ಸರಿದಿದೆಯೇ. ಅಮೆರಿಕದಲ್ಲಿ ಆಸ್ಪತ್ರೆಗೆ ದಾಖಲಾಗಿದ್ದ 647 ಮಂದಿಯನ್ನು ಗಮನಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಷ್ಟು ಸರಿದಿದ್ದವರ ಪೈಕಿ ಸುಮಾರು ಶೇ 26 ಮಂದಿಗೆ ಎರಡು ವರ್ಷಗಳೊಳಗೆ ತಡವಾದ ಫಿಟ್ಸ್, ಅಂದರೆ ಮೊದಲ ವಾರ ಕಳೆದ ಮೇಲಿನದು, ಬಂದಿತ್ತು. ಎರಡೂ ಬದಿಯ ಪೆರೈಟಲ್ ಭಾಗ (ನಡುನೆತ್ತಿಯ ಕೆಳಗಿನ ಮೆದುಳು) ಜಜ್ಜಿದ್ದವರಲ್ಲಿ ಅದು ಶೇ 66.

3. ಎಂ.ಆರ್.ಐ.: ಕೆಡುವುದೆಲ್ಲ ಇಲ್ಲೇ

ಸೋರಿದ ರಕ್ತ ಕರಗಿದರೂ ಅದರ ಕಬ್ಬಿಣದ ಅಂಶ ಹೀಮೋಸಿಡೆರಿನ್ ಆಗಿ ಮೆದುಳಿನಲ್ಲಿ ಉಳಿಯುತ್ತದೆ. ಇಲಿಗಳ ಮೆದುಳಿನ ಹೊರಪದರಕ್ಕೆ ಕಬ್ಬಿಣದ ಲವಣ ಚುಚ್ಚಿದರೆ ಫಿಟ್ಸ್ ಬರುತ್ತದೆಂದು 1978ರಷ್ಟು ಹಿಂದೆಯೇ ತೋರಿಸಿದ್ದಾರೆ. ಈ ಹಳೆಯ ರಕ್ತದ ಕಲೆ ಸಿ.ಟಿ.ಯಲ್ಲಿ ಕಾಣದು. ಸಾಮಾನ್ಯ ಎಂ.ಆರ್.ಐ.ಯಲ್ಲೂ ತಪ್ಪಿಹೋಗುತ್ತದೆ. ಅದಕ್ಕೆ ಎಸ್.ಡಬ್ಲ್ಯು.ಐ. ಎಂಬ ಸೀಕ್ವೆನ್ಸ್ (ಎಂ.ಆರ್.ಐ. ಚಿತ್ರ ತೆಗೆಯುವ ಒಂದು ವಿಧಾನ) ಬೇಕು.

ಹಾಗಾಗಿ ಚೀಟಿಯಲ್ಲಿ 'ಎಂ.ಆರ್.ಐ. ಬ್ರೇನ್ ಪ್ಲೇನ್' ಎಂದಷ್ಟೇ ಇದ್ದರೆ ಡಾಕ್ಟರಿಗೆ ಹೇಳಿ 'ಎಪಿಲೆಪ್ಸಿ ಪ್ರೋಟೋಕಾಲ್, ಎಸ್.ಡಬ್ಲ್ಯು.ಐ. ಸಹಿತ' ಎಂದು ಬರೆಸಿಕೊಳ್ಳಿ. ಅದರಲ್ಲಿ ನಾಲ್ಕು ಸೀಕ್ವೆನ್ಸ್ ಇರಬೇಕು: 1 ಮಿ.ಮೀ.ನ 3ಡಿ ಟಿ1, 1 ಮಿ.ಮೀ.ನ 3ಡಿ ಫ್ಲೇರ್. ಹಿಪೊಕ್ಯಾಂಪಸ್‌ಗೆ (ನೆನಪಿಗೆ ಸಂಬಂಧಿಸಿದ ಮೆದುಳಿನ ಒಳಭಾಗ) ಅಡ್ಡಲಾಗಿ ತೆಗೆದ ಕರೋನಲ್ ಟಿ2. ಫೇಸ್ (phase) ಚಿತ್ರಗಳೊಡನೆ ಎಸ್.ಡಬ್ಲ್ಯು.ಐ. ಮೊದಲ ಮೂರು ಮೂರ್ಛೆರೋಗ ತಜ್ಞರ ಅಂತರರಾಷ್ಟ್ರೀಯ ಸಂಘಟನೆ 2019ರಲ್ಲಿ ಸೂಚಿಸಿದ ಕ್ರಮದವೇ. ಕಾಂಟ್ರಾಸ್ಟ್ ಇಂಜೆಕ್ಷನ್ ಸಾಮಾನ್ಯವಾಗಿ ಬೇಡ. ನನ್ನ ಸಲಹೆ ಕೇಳಿದರೆ 3 ಟೆಸ್ಲಾ ಯಂತ್ರವನ್ನೇ ಹುಡುಕಿ, 1.5 ಆದರೂ ನಡೆದೀತು. ಅಗ್ಗಕ್ಕೆ ಸಿಗುವ ಕಡಿಮೆ ಶಕ್ತಿಯ ಓಪನ್ ಎಂ.ಆರ್.ಐ.ಗೆ ಈ ಕೆಲಸಕ್ಕೆ ಹೋಗಬೇಡಿ. ಹತ್ತು ನಿಮಿಷದ 'ಬ್ರೇನ್ ಸ್ಕ್ರೀನಿಂಗ್ ಪ್ಯಾಕೇಜ್' ಕೂಡ ಇಲ್ಲಿ ದಂಡ.

ತಿಂಗಳೊಳಗೆ ತೆಗೆಸಿದರೆ ಬಾವು ಇನ್ನೂ ಇಳಿದಿರುವುದಿಲ್ಲ, ಯಾವುದು ಉಳಿಯುವ ಕಲೆ, ಯಾವುದು ಮಾಯುವ ಗಾಯ ಎಂದು ಬೇರ್ಪಡಿಸಲಾಗದು. ಅಂದಾಜಿಗಾಗಿಯೇ ತೆಗೆಸುವುದಾದರೆ 3ರಿಂದ 6 ತಿಂಗಳ ನಡುವೆ ಒಳ್ಳೆಯದು. ತಲೆಬುರುಡೆಗೆ ಕೂರಿಸಿದ ಟೈಟಾನಿಯಂ ಪ್ಲೇಟ್ ಸಾಮಾನ್ಯವಾಗಿ ಅಡ್ಡಿಯಲ್ಲ, ಆದರೂ ಆಪರೇಷನ್ ಟಿಪ್ಪಣಿ ಒಯ್ಯಿರಿ. ಪ್ರೋಗ್ರಾಮೆಬಲ್ ಶಂಟ್ (ಮೆದುಳಿನ ನೀರನ್ನು ಹರಿಸಲು ಕೂರಿಸಿದ ನಳಿಕೆ) ಇದ್ದರೆ ಸ್ಕ್ಯಾನ್ ಆದ ಮೇಲೆ ಅದರ ಸೆಟ್ಟಿಂಗ್ ಪರೀಕ್ಷಿಸಲೇಬೇಕು. ವೆಲ್ಡಿಂಗ್, ಗ್ರೈಂಡಿಂಗ್ ಕೆಲಸದವರು ಕಣ್ಣಿಗೆ ಲೋಹದ ಚೂರು ಹೊಕ್ಕಿದ್ದರೆ ಮೊದಲೇ ಹೇಳಬೇಕು.

ರೋಗಿ ಅಲುಗಾಡಿದರೆ ಎಸ್.ಡಬ್ಲ್ಯು.ಐ. ಬೇಗ ಕೆಡುತ್ತದೆ. ಯಂತ್ರದಿಂದ ಇಳಿಸುವ ಮುಂಚೆ ಟೆಕ್ನಿಷಿಯನ್‌ಗೆ 'ಎಸ್.ಡಬ್ಲ್ಯು.ಐ. ಕ್ಲಿಯರ್ ಬಂದಿದೆಯಾ?' ಎಂದು ಕೇಳಿ. ಮಸುಕಾಗಿದ್ದರೆ ಅದೊಂದನ್ನೇ ಮತ್ತೆ ತೆಗೆಯಲು ಕೆಲವೇ ನಿಮಿಷ ಸಾಕು. ಮನೆಗೆ ಹೋದ ಮೇಲೆ ಗೊತ್ತಾದರೆ ಮತ್ತೆ ಪೂರ್ತಿ ಬಿಲ್.

4. ಕಪ್ಪು ಚುಕ್ಕೆಗಳೆಲ್ಲ ರಕ್ತವಲ್ಲ

ಎಸ್.ಡಬ್ಲ್ಯು.ಐ.ನಲ್ಲಿ ಹಳೆಯ ರಕ್ತ ಕಪ್ಪಗೆ ಕಾಣುತ್ತದೆ. ಅಭಿಧಮನಿಯೂ ಕಪ್ಪು, ಸುಣ್ಣಗಟ್ಟಿದ ಗಂಟೂ ಕಪ್ಪು, ಮೂಗಿನ ಮೇಲಿನ ಮತ್ತು ಕಿವಿಯ ಹತ್ತಿರದ ಗಾಳಿಗೂಡುಗಳ ಪಕ್ಕದ ಜಾಗವೂ ಕಪ್ಪು. ಈ ಕೊನೆಯದು ಬಹಳ ಮೋಸ ಮಾಡುತ್ತದೆ, ಏಕೆಂದರೆ ತಲೆ ಬಡಿದಾಗ ಮೆದುಳು ಹೆಚ್ಚಾಗಿ ಜಜ್ಜುವುದೂ ಅಲ್ಲೇ: ಹಣೆಯ ಹಿಂದಿನ ಮೆದುಳಿನ ಕೆಳಭಾಗ ಮತ್ತು ಟೆಂಪೊರಲ್ (ಕಿವಿಯ ಬಳಿಯ ಮೆದುಳಿನ) ಭಾಗದ ತುದಿ. ಅಭಿಧಮನಿಯಾದರೆ ಮುಂದಿನ ಸ್ಲೈಸ್‌ಗಳಲ್ಲೂ ಗೆರೆಯಾಗಿ ಸಾಗುತ್ತದೆ, ರಕ್ತದ ಕಲೆ ಅಲ್ಲೇ ನಿಲ್ಲುತ್ತದೆ. ನಮ್ಮ ದೇಶದಲ್ಲಿ ಲಾಡಿಹುಳುವಿನ ಮರಿಯಿಂದಾದ ಸುಣ್ಣದ ಗಂಟುಗಳು ಸಾಮಾನ್ಯ, ಅವು ತಾವಾಗಿಯೇ ಫಿಟ್ಸ್ ತರಿಸಬಲ್ಲವು. ಅಪಘಾತದ ದಿನದ ಸಿ.ಟಿ.ಯಲ್ಲೇ ಆ ಜಾಗದಲ್ಲಿ ಗಟ್ಟಿ ಬಿಳಿ ಚುಕ್ಕೆ ಇದ್ದು, ತಿಂಗಳುಗಳ ನಂತರದ ಸಿ.ಟಿ.ಯಲ್ಲೂ ಹಾಗೇ ಇದ್ದರೆ ಅದು ಪೆಟ್ಟಿನಿಂದಾದದ್ದಲ್ಲ, ಮುಂಚಿನದು. ಚಿಕಿತ್ಸೆಯ ದಾರಿಯೇ ಬದಲಾಗುವ ವಿಷಯ ಇದು. ಹಾಗಾಗಿ ಎರಡೂ ಸಿ.ಡಿ.ಗಳನ್ನು ಒಟ್ಟಿಗೆ ಕೊಟ್ಟು 'ಹಳೆಯದರ ಜೊತೆ ಹೋಲಿಸಿ' ಎಂದು ರೇಡಿಯಾಲಜಿಸ್ಟ್‌ಗೆ ಹೇಳಿ.

ರಿಪೋರ್ಟ್‌ನಲ್ಲಿ ಹುಡುಕಬೇಕಾದ ಮಾತುಗಳು: ಹೊರಪದರ ತಲುಪಿದ ಹೀಮೋಸಿಡೆರಿನ್, ಅದರ ಸುತ್ತ ಗ್ಲಯೋಸಿಸ್ (ಮೆದುಳಿನ ಗಾಯ ಮಾಯ್ದ ಕಲೆ), ಟೆಂಪೊರಲ್ ಭಾಗದ ಗಾಯ, ಕುಗ್ಗಿದ ಹಿಪೊಕ್ಯಾಂಪಸ್. ಇವು ಇದ್ದರೆ ಸಾಧ್ಯತೆ ಏರುತ್ತದೆ. 'ನೋ ಸಿಗ್ನಿಫಿಕೆಂಟ್ ಅಬ್‌ನಾರ್ಮಾಲಿಟಿ' ಎಂಬ ಒಂದೇ ಸಾಲು ಬಂದು, ಎಸ್.ಡಬ್ಲ್ಯು.ಐ. ಹೆಸರೇ ಇಲ್ಲದಿದ್ದರೆ ವಾಪಸು ಕೊಂಡೊಯ್ದು ಕೇಳಿ.

ಇ.ಇ.ಜಿ. (ಮೆದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಮಾಡಿಸಬಹುದು. ಅದು ನಾರ್ಮಲ್ ಬಂದ ಮಾತ್ರಕ್ಕೆ ಅಪಾಯವಿಲ್ಲ ಎಂದಲ್ಲ. ಸ್ಕ್ಯಾನ್, ಇ.ಇ.ಜಿ., ರಕ್ತಪರೀಕ್ಷೆ ಸೇರಿಸಿ ಕಂಪ್ಯೂಟರ್‌ನಿಂದ ಭವಿಷ್ಯ ಹೇಳಿಸುವ ಪ್ರಯತ್ನ ಎಪಿಬಯೋಸ್4ಆರ್‌ಎಕ್ಸ್‌ನಂಥ ಅಂತರರಾಷ್ಟ್ರೀಯ ಅಧ್ಯಯನಗಳಲ್ಲಿ ನಡೆದಿದೆ, ಅದು ಸಂಶೋಧನೆಯ ಹಂತದ್ದು. ರಿಪೋರ್ಟ್‌ನ ಫೋಟೋ ಹಾಕಿದರೆ ಶೇಕಡಾವಾರು ಹೇಳುವ ಆ್ಯಪ್‌ಗಳನ್ನು ನಂಬಬೇಡಿ.

5. ಅಂದಾಜು ಸಿಕ್ಕ ಮೇಲೆ

ಸ್ಕ್ಯಾನ್ ಕೆಟ್ಟದಾಗಿದೆ ಎಂದು ವರ್ಷಗಟ್ಟಲೆ ಮಾತ್ರೆ ನುಂಗುವುದು ಸರಿಯಲ್ಲ. ತೀವ್ರ ಪೆಟ್ಟಿನವರಿಗೆ ಫೆನಿಟಾಯಿನ್ ಎಂಬ ಫಿಟ್ಸ್ ಔಷಧಿ ಮೊದಲ ವಾರದ ಫಿಟ್ಸ್ ತಗ್ಗಿಸುತ್ತದೆ, ಮುಂದಿನದನ್ನು ತಡೆಯುವುದಿಲ್ಲ ಎಂದು 1990ರ ಅಧ್ಯಯನ ತೋರಿಸಿತು. ಆದರೆ ಈಗಾಗಲೇ ನಡೆಯುತ್ತಿರುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಥಟ್ಟನೆ ಬಿಟ್ಟರೆ ಅದರಿಂದಲೇ ಫಿಟ್ಸ್ ಬಂದೀತು. ಇನ್ನು ವಾರ ಕಳೆದ ಮೇಲೆ ಒಂದೇ ಸಲ ಫಿಟ್ಸ್ ಬಂದರೂ ಸುಮ್ಮನಿರಬಾರದು: ಅಂಥವರ ಮೇಲೆ ನಡೆದ ಅಧ್ಯಯನವೊಂದರಲ್ಲಿ ಶೇ 86 ಮಂದಿಗೆ ಎರಡು ವರ್ಷಗಳೊಳಗೆ ಅದು ಮರುಕಳಿಸಿತ್ತು. ಆಗ ನರರೋಗ ತಜ್ಞರ ಚಿಕಿತ್ಸೆ ಬೇಕೇ ಬೇಕು.

ಸಾಧ್ಯತೆ ಹೆಚ್ಚಿದ್ದವರು ಮೊದಲ ಎರಡು ವರ್ಷ ಲೋಕಲ್‌ನ ಬಾಗಿಲಲ್ಲಿ ನಿಲ್ಲಬಾರದು, ಎತ್ತರದ ಕೆಲಸಕ್ಕೆ ಹತ್ತಬಾರದು. ಬೈಕ್ ಹತ್ತುವ ಮುಂಚೆ ಡಾಕ್ಟರನ್ನು ಕೇಳಿ, ಲೈಸೆನ್ಸ್‌ನ ಫಾರ್ಮ್ 1ರಲ್ಲಿ ಮೂರ್ಛೆರೋಗದ ಪ್ರಶ್ನೆಗೆ ನಿಜವನ್ನೇ ಬರೆಯಿರಿ. ಫಿಟ್ಸ್ ಬಂದಾಗ ಕೈಗೆ ಬೀಗದ ಕೈ ಕೊಡುವುದು, ಈರುಳ್ಳಿ ಮೂಸಿಸುವುದು ಬೇಡ. ಬಾಯಿಗೆ ಏನನ್ನೂ ತುರುಕದೆ ಪಕ್ಕಕ್ಕೆ ಮಗ್ಗುಲಾಗಿಸಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ. ಇನ್ನೊಬ್ಬರು ಮೊಬೈಲ್‌ನಲ್ಲಿ ವಿಡಿಯೊ ಮಾಡಲಿ: ಯಾವ ಕೈ ಮೊದಲು ಅದುರಿತು, ಕಣ್ಣು ಯಾವ ಕಡೆ ತಿರುಗಿತು ಎಂಬುದು ಅದರಲ್ಲಿ ಬರಬೇಕು. ದೇಹದ ಬಲಭಾಗವನ್ನು ನಡೆಸುವುದು ಮೆದುಳಿನ ಎಡಭಾಗ. ಹಾಗಾಗಿ ಬಲಗೈಯಿಂದ ಶುರುವಾಗಿದ್ದು, ಎಂ.ಆರ್.ಐ.ಯ ಕಲೆ ಮೆದುಳಿನ ಎಡಭಾಗದಲ್ಲಿದ್ದರೆ, ಫಿಟ್ಸ್‌ಗೆ ಆ ಕಲೆಯೇ ಕಾರಣವಿರಬಹುದೆಂದು ತಜ್ಞರಿಗೆ ಬಲವಾದ ಸುಳಿವು ಸಿಗುತ್ತದೆ.