ಮಾಳಿಗೆ ಮನೆಗೆ ಹತ್ತಿದ ಗೆದ್ದಲು: ನಾನು ಮಾಡಿದ ಕೆಲಸ

ಸಿಮೆಂಟ್ ಗೋಡೆಯ ಮನೆಯಾದರೆ ಗೆದ್ದಲು ಮಣ್ಣಿನ ಗೆರೆ ಎಳೆದುಕೊಂಡು ಗೋಡೆ ಹತ್ತುತ್ತದೆ, ಕಣ್ಣಿಗೆ ಕಾಣುತ್ತದೆ. ನಮ್ಮದು ಕುಷ್ಟಗಿ ತಾಲ್ಲೂಕಿನ ಹಳೇ ಮಾಳಿಗೆ ಮನೆ, ಅಂದರೆ ಮರದ ಜಂತಿಯ ಮೇಲೆ ಮಣ್ಣು ಹಾಕಿದ ಚಾವಣಿ, ಮಣ್ಣಿನ ಗೋಡೆ. ಇಲ್ಲಿ ಅದು ಹೆಚ್ಚಾಗಿ ಗೋಡೆಯ ಒಳಗೇ ದಾರಿ ಮಾಡಿಕೊಂಡು ಸೀದಾ ಜಂತಿಗೆ ಹೋಗಿಬಿಡುತ್ತದೆ. ಗೊತ್ತಾಗುವಷ್ಟರಲ್ಲಿ ಅರ್ಧ ಮರ ಖಾಲಿ.

ನಮಗೆ ಗೊತ್ತಾದದ್ದು ಬಚ್ಚಲ ಬಾಗಿಲ ಚೌಕಟ್ಟಿನಿಂದ. ಮೇಲೆ ಬಣ್ಣ ಚೆನ್ನಾಗೇ ಇತ್ತು, ಒತ್ತಿದರೆ ಬೆರಳು ಒಳಗೆ ಹೋಯಿತು. ಬಡಿಗೇರ ಕಾಕಾ ಬಂದು ಉಳಿಯ ಹಿಡಿಯಿಂದ ತಟ್ಟಿ ನೋಡಿ, “ಒರಲಿ ಹತ್ತೈತೋ ತಮ್ಮಾ. ಚೌಕಟ್ಟು ಆಮ್ಯಾಲೆ ಮಾಡೂಣು. ಮೊದಲು ಇದು ಎಲ್ಲಿಂದ ಬರಾಕತ್ತೈತಿ ನೋಡು” ಅಂದರು.

ಆ ಮಾತು ಹಿಡಿದೇ ಕೆಲಸ ಶುರು ಮಾಡಿದೆ. ಮನೆಯ ಎಲ್ಲ ಜಂತಿ, ತೊಲೆ, ಚೌಕಟ್ಟು ತಟ್ಟಿದೆ. ಗಟ್ಟಿ ಮರ ಟಣ್ ಅನ್ನುತ್ತದೆ, ತಿಂದ ಮರ ಡಬ್ ಅನ್ನುತ್ತದೆ. ಡಬ್ ಅಂದ ಕಡೆಯೆಲ್ಲ ಸುಣ್ಣದಿಂದ ಗುರುತು ಹಾಕಿದೆ. ಅಡುಗೆಮನೆ ಕಪಾಟಿನ ಕೆಳಗೆ ಸಣ್ಣ ಹಿಟ್ಟಿನಂಥ ಪುಡಿ ಉದುರಿತ್ತು. ಅದು ಗೆದ್ದಲಲ್ಲ, ಮರ ಕೊರೆಯುವ ಬೇರೆ ಹುಳು. ಗೆದ್ದಲು ತಿಂದ ಜಾಗದಲ್ಲಿ ಒಳಗೆ ಮಣ್ಣು ತುಂಬಿರುತ್ತದೆ.

ಮಣ್ಣಿನ ಗೆರೆ ಕಂಡ ತಕ್ಷಣ ಪೊರಕೆ ತಗೊಂಡು ಒರೆಸಬೇಡಿ. ಅದು ಹುಳು ಬರುವ ದಾರಿ ತೋರಿಸುತ್ತದೆ. ನಮ್ಮಲ್ಲಿ ಒಂದು ಕಡೆ ಕಂಡ ಗೆರೆಯನ್ನು ನಡುವೆ ಬೆರಳುದ್ದ ಮಾತ್ರ ಮುರಿದು ಬಿಟ್ಟೆ. ಕೆಲವೇ ದಿನಕ್ಕೆ ಹಸಿ ಮಣ್ಣಿನಿಂದ ಮತ್ತೆ ಮುಚ್ಚಿಕೊಂಡಿತು. ಅಂದರೆ ಓಡಾಟ ಇದೆ. ಗೆರೆಯ ಬೆನ್ನು ಹತ್ತಿ ಹೋದರೆ ಹಿತ್ತಲ ಗೋಡೆ. ಅಲ್ಲಿ ಒಲೆಗೆ ಅಂತ ತೊಗರಿ ಕಟ್ಟಿಗೆ ಒಟ್ಟಿತ್ತು, ಪಕ್ಕದಲ್ಲೇ ಬಚ್ಚಲ ನೀರು ಇಂಗುವ ಗುಂಡಿ. ತಿನ್ನಲು ಕಟ್ಟಿಗೆ, ಕುಡಿಯಲು ನೀರು, ಇನ್ನೇನು ಬೇಕು? ನಮ್ಮ ಕಡೆ ಬೇಸಿಗೆಯಲ್ಲಿ ಹೊಲವೆಲ್ಲ ಒಣಗಿ ಬಿರಿಯುತ್ತದೆ. ತೇವ ಉಳಿಯುವುದು ಬಚ್ಚಲ ಸುತ್ತ ಮಾತ್ರ. ತೇವ ಇಲ್ಲದೆ ಈ ಹುಳು ಬದುಕುವುದಿಲ್ಲ, ಅಲ್ಲಿಗೇ ಬರುತ್ತದೆ.

ಔಷಧಿಗೆ ಮೊದಲು ಈ ಎರಡನ್ನೂ ಸರಿ ಮಾಡಿದೆ. ಕಟ್ಟಿಗೆಯನ್ನು ಗೋಡೆಯಿಂದ ದೂರ, ಕಲ್ಲಿನ ಮೇಲೆ ಒಟ್ಟಿದೆ. ಬಚ್ಚಲ ನೀರನ್ನು ಪೈಪ್ ಹಾಕಿ ಹಿತ್ತಲ ತುದಿಯ ಬಾಳೆಗಿಡಕ್ಕೆ ಬಿಟ್ಟೆ. ಇದನ್ನು ಬಿಟ್ಟು ಸುಮ್ನೆ ಔಷಧಿ ಹೊಡೆಸುವುದು ದುಡ್ಡು ದಂಡ ಅಂತ ನನ್ನ ಅಭಿಪ್ರಾಯ.

ಸೀಮೆಎಣ್ಣೆ, ಸುಟ್ಟ ಆಯಿಲ್ ಹಚ್ಚಿ ಅಂತ ಹೇಳುವವರು ಊರ ತುಂಬ ಇದ್ದಾರೆ. ಅದು ತಾಗಿದ ಹುಳು ಸಾಯುತ್ತದೆ, ನಿಜ. ರಾಣಿ ಹುಳು ನೆಲದೊಳಗೆ ಮೊಟ್ಟೆ ಇಡುತ್ತಲೇ ಇರುತ್ತದೆ. ಉಳಿದವು ಬೇರೆ ಕಡೆ ದಾರಿ ಹುಡುಕುತ್ತವೆ, ಅಷ್ಟೇ.

ಔಷಧಿಗೆ ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಅನ್ನುವ, ನೀರಿಗೆ ಬೆರೆಸುವ ದ್ರವ ತಂದೆ. ಕ್ಲೋರೋಪೈರಿಫಾಸ್ ಅಗ್ಗ, ಗೊಬ್ಬರದಂಗಡಿಯಲ್ಲೂ ಸಿಗುತ್ತದೆ, ಆದರೆ ವಾಸನೆ ಮನೆಯೊಳಗೆ ತಡೆಯಲಾಗುವುದಿಲ್ಲ. ಇಮಿಡಾಕ್ಲೋಪ್ರಿಡ್‌ಗೆ ಅಂಥ ವಾಸನೆ ಇಲ್ಲ. ಹುಳುವಿಗೂ ಅದು ಗೊತ್ತಾಗುವುದಿಲ್ಲ. ಔಷಧಿ ಬಿದ್ದ ಮಣ್ಣಿನಲ್ಲೇ ಓಡಾಡಿ, ಮೈಗೆ ಅಂಟಿಸಿಕೊಂಡು ಬೇರೆ ಹುಳುಗಳಿಗೂ ದಾಟಿಸುತ್ತದೆ. ಲೀಟರ್ ನೀರಿಗೆ 2.1 ಮಿ.ಲೀ. ಅಳತೆ. ಜಾಸ್ತಿ ಹಾಕಿದರೆ ಜಾಸ್ತಿ ಕೆಲಸ ಅನ್ನುವುದು ಇಲ್ಲಿ ನಡೆಯುವುದಿಲ್ಲ.

ಗೋಡೆ ಮತ್ತು ನೆಲ ಕೂಡುವ ಕಡೆ ಉದ್ದಕ್ಕೂ ಒಂದೊಂದು ಅಡಿಗೆ 12 ಮಿ.ಮೀ. ತೂತು ಹೊಡೆದೆ. ಕೆಳಗಿನ ಮಣ್ಣು ಮುಟ್ಟುವವರೆಗೂ ಇಳಿಸಬೇಕು. ನಮ್ಮದು ಪರಸಿ ನೆಲ, ಅಂದರೆ ಕಲ್ಲು ಚಪ್ಪಡಿ ಹಾಸಿದ್ದು. ಕಲ್ಲಿನ ಮೇಲೆ ಡ್ರಿಲ್ ಇಟ್ಟರೆ ಸೀಳುತ್ತದೆ ಅಂತ ಸಂದಿಯಲ್ಲೇ ಹೊಡೆದೆ. ತೂತಿಗೆ ಒಂದು ಲೀಟರ್‌ನಂತೆ ನಿಧಾನಕ್ಕೆ ಇಂಗಿಸಿ, ಬಿಳಿ ಸಿಮೆಂಟ್‌ನಿಂದ ಮುಚ್ಚಿದೆ. ಮಣ್ಣಿನ ಗೋಡೆಗೆ ಮಾತ್ರ ತೂತು ಹೊಡೆಯಲಿಲ್ಲ, ನೀರು ಕುಡಿದರೆ ಮೆತ್ತಗಾಗುತ್ತದೆ. ನೀರಿನ ತೊಟ್ಟಿ ಇರುವ ಮೂಲೆಯನ್ನೂ ಬಿಟ್ಟೆ. ಕೈಗವಸು, ಮಾಸ್ಕ್ ಹಾಕಿಕೊಂಡೇ ಮಾಡಿ. ಮಕ್ಕಳನ್ನು ಅವತ್ತು ಅಜ್ಜಿ ಮನೆಗೆ ಕಳಿಸಿದ್ದೆವು.

ಮರಕ್ಕೆ ಬೋರಿಕ್ ಪುಡಿ, ಅದೇ ಕೇರಂ ಬೋರ್ಡಿಗೆ ಹಾಕುತ್ತೇವಲ್ಲ, ಅದನ್ನು ಬೊರಾಕ್ಸ್ ಜೊತೆ ಬಿಸಿನೀರಿನಲ್ಲಿ ಕರಗಿಸಿ ಹಚ್ಚಿದೆ. ಬಣ್ಣ ಕೆರೆದೇ ಹಚ್ಚಬೇಕು, ಇಲ್ಲದಿದ್ದರೆ ಮರ ಹೀರುವುದಿಲ್ಲ. ಜಂತಿ ಗೋಡೆಯೊಳಗೆ ಸೇರುವ ತುದಿಗೆ ಎರಡು ಕೈ ಜಾಸ್ತಿ ಹಚ್ಚಿದೆ, ಮಳೆ ಸೋರಿ ಮೊದಲು ಕೆಡುವುದು ಅದೇ ಜಾಗ. ಮಳೆನೀರು ಬಿದ್ದರೆ ಈ ಔಷಧಿ ತೊಳೆದುಹೋಗುತ್ತದೆ, ಅದಕ್ಕೆ ಮಾಳಿಗೆ ಸೋರುವುದನ್ನು ಮೊದಲು ನಿಲ್ಲಿಸಿಕೊಳ್ಳಿ. ಬಚ್ಚಲ ಚೌಕಟ್ಟನ್ನು ಕಾಕಾ ಕೆಳಗೆ ಗೇಣುದ್ದ ಕೊಯ್ದು ಕಲ್ಲಿನ ಮೇಲೆ ಕೂಡಿಸಿದರು. ಈಗ ಮರ ನೆಲ ಮುಟ್ಟುವುದಿಲ್ಲ.

ನಡುಮನೆಯ ಒಂದು ಜಂತಿ ಪೂರ್ತಿ ಟೊಳ್ಳಾಗಿತ್ತು. ಹುಳು ಸತ್ತರೂ ತಿಂದ ಮರಕ್ಕೆ ಬಲ ವಾಪಸ್ ಬರುವುದಿಲ್ಲ ಅಲ್ವಾ? ಅದರ ಕೆಳಗೆ ಕಬ್ಬಿಣದ ಗರ್ಡರ್ ಕೊಡಿಸಿದೆವು. ಮಾಳಿಗೆ ಮೇಲಿನ ಮಣ್ಣಿನ ಭಾರ ಸಣ್ಣದಲ್ಲ. ನಿಮ್ಮ ಮನೆಯಲ್ಲೂ ಅಂಥ ಜಂತಿ ಸಿಕ್ಕರೆ ಔಷಧಿ ತರಲು ಹೋಗುವ ಮೊದಲು ಅದಕ್ಕೊಂದು ಊರುಗಂಬ ಕೊಡಿ, ಅದರ ಕೆಳಗೆ ಯಾರನ್ನೂ ಮಲಗಿಸಬೇಡಿ.