ಪ್ಲಾಂಕ್ ನಕ್ಷೆಯಿಂದ ಪವರ್ ಸ್ಪೆಕ್ಟ್ರಮ್ ತೆಗೆಯುವ ಬಗೆ

ಪ್ಲಾಂಕ್ ಉಪಗ್ರಹ ಅಳೆದ ಹಿನ್ನೆಲೆ ವಿಕಿರಣದ (ಬಿಗ್ ಬ್ಯಾಂಗ್‌ನಿಂದ ಉಳಿದ ಬೆಳಕಿನ) ಬಣ್ಣಬಣ್ಣದ ಚಿತ್ರವನ್ನು ಎಷ್ಟು ದಿಟ್ಟಿಸಿದರೂ ಇನ್‌ಫ್ಲೇಶನ್, ಅಂದರೆ ವಿಶ್ವ ಶುರುವಿನಲ್ಲೇ ಅತಿವೇಗದಲ್ಲಿ ಹಿಗ್ಗಿದ್ದು, ಕಾಣಿಸದು. ಯಾವ ಗಾತ್ರದ ಕಲೆ ಎಷ್ಟು ಗಾಢವಾಗಿದೆ ಎಂದು ಲೆಕ್ಕ ಹಾಕಬೇಕು; ಆ ಲೆಕ್ಕವೇ ಪವರ್ ಸ್ಪೆಕ್ಟ್ರಮ್. ಅದಕ್ಕೆ ಪೈಥಾನ್, ಅದರ ಆಕಾಶನಕ್ಷೆಯ ಲೈಬ್ರರಿ ಹೀಲ್‌ಪೈ ಇರುವ ಲ್ಯಾಪ್‌ಟಾಪ್ ಸಾಕು.

ಪ್ಲಾಂಕ್ ಲೆಗಸಿ ಆರ್ಕೈವ್‌ನಿಂದ 2018ರ ಸ್ಮೈಕಾ ನಕ್ಷೆಯ (ನಮ್ಮ ಗ್ಯಾಲಕ್ಸಿಯ ಬೆಳಕನ್ನು ತೆಗೆದದ್ದು) ಎರಡು ಹಾಫ್-ಮಿಷನ್ ಕಡತಗಳನ್ನೂ (ವೀಕ್ಷಣೆಯ ಒಂದೊಂದು ಅರ್ಧದವು) ಕೊಳೆ ಉಳಿದ ಜಾಗಗಳನ್ನು ಮುಚ್ಚುವ ತಾಪಮಾನದ ಕಾಮನ್ ಮಾಸ್ಕನ್ನೂ ಇಳಿಸಿಕೊಳ್ಳಿ. ಪ್ರತಿ ನಕ್ಷೆಯಲ್ಲಿ 12 × 2048 × 2048, ಅಂದರೆ 5 ಕೋಟಿ ಮೀರಿದ ಪಿಕ್ಸೆಲ್‌ಗಳಿವೆ. ಹೀಲ್‌ಪೈನ ರೀಡ್‌ಮ್ಯಾಪ್‌ನಿಂದಲೇ ತೆರೆಯಿರಿ. ಕಡತದಲ್ಲಿ ಪಿಕ್ಸೆಲ್‌ಗಳು ನೆಸ್ಟೆಡ್ ಕ್ರಮದಲ್ಲಿರುತ್ತವೆ, ಸ್ಪೆಕ್ಟ್ರಮ್ ಲೆಕ್ಕ ಹಾಕುವ ಆನಾಫಾಸ್ಟ್‌ಗೆ ರಿಂಗ್ ಕ್ರಮ ಬೇಕು. ರೀಡ್‌ಮ್ಯಾಪ್ ತಾನಾಗಿ ಬದಲಿಸಿಕೊಡುತ್ತದೆ. ಬೇರೆ ದಾರಿಯಲ್ಲಿ ಓದಿದರೆ ಆಕಾಶ ಚೂರುಚೂರಾಗಿ ಕಲಸಿಹೋಗಿ ಗ್ರಾಫಿನ ಶಿಖರಗಳೇ ಮಾಯ.

ಬೆಲೆಗಳು ಕೆಲ್ವಿನ್‌ನಲ್ಲಿವೆ, 10 ಲಕ್ಷದಿಂದ ಗುಣಿಸಿ ಮೈಕ್ರೊಕೆಲ್ವಿನ್ ಮಾಡಿ. ಮಾಸ್ಕ್ ಮುಚ್ಚದ ಭಾಗದಿಂದ ಸರಾಸರಿಯನ್ನೂ ಡೈಪೋಲನ್ನೂ (ಆಕಾಶದ ಒಂದು ಬದಿ ಬಿಸಿ, ಎದುರು ಬದಿ ತಂಪಾಗಿ ಕಾಣುವ ವ್ಯತ್ಯಾಸ) ಕಳೆದು, ಆಮೇಲೆ ಮಾಸ್ಕ್‌ನಿಂದ ಗುಣಿಸಿ. ಈಗ ಎರಡೂ ನಕ್ಷೆಗಳನ್ನು ಒಟ್ಟಿಗೆ ಆನಾಫಾಸ್ಟ್‌ಗೆ ಕೊಡಿ, ಗರಿಷ್ಠ ಎಲ್ 2000. ಎಲ್ ಹೆಚ್ಚಿದಷ್ಟೂ ಕಲೆ ಚಿಕ್ಕದು. ಒಂದೇ ನಕ್ಷೆ ಕೊಟ್ಟರೆ ಉಪಕರಣದ ಗದ್ದಲವೂ ವರ್ಗವಾಗಿ ಕೂಡಿಕೊಂಡು ಬಲತುದಿ ಮೇಲಕ್ಕೆ ಚಿಮ್ಮುತ್ತದೆ. ಎರಡರ ಗದ್ದಲ ಬೇರೆಬೇರೆಯಾದ್ದರಿಂದ ಅಡ್ಡಗುಣಾಕಾರದಲ್ಲಿ ಸರಾಸರಿಯಾಗಿ ಅಳಿಸಿಹೋಗುತ್ತದೆ.

ಇನ್ನು ಎರಡು ಭಾಗಾಕಾರ. ಒಂದು, ಮಾಸ್ಕ್ ಉಳಿಸಿದ ಆಕಾಶದ ಪಾಲು, ಸುಮಾರು 0.78. ಇನ್ನೊಂದು, 5 ಆರ್ಕ್‌ಮಿನಿಟ್ ಬೀಮ್‌ನ (ನಕ್ಷೆಯ ಸಣ್ಣ ವಿವರಗಳನ್ನು ಮಸುಕಾಗಿಸುವ ಅಗಲ) ವರ್ಗ: ಎಲ್ 2000ದಲ್ಲಿ ಬೀಮ್ ಶಕ್ತಿಯನ್ನು 22%ಕ್ಕೆ ಇಳಿಸಿರುತ್ತದೆ. ಬೀಮ್ ಲೆಕ್ಕ ಹಾಕುವ ಹೀಲ್‌ಪೈನ ಗಾಸ್‌ಬೀಮ್‌ಗೆ ಕೋನ ರೇಡಿಯನ್‌ನಲ್ಲಿ ಹೋಗಬೇಕು. ನೇರ 5 ಎಂದು ಕೊಟ್ಟು ಸೊನ್ನೆಯಿಂದ ಭಾಗಿಸಿಕೊಳ್ಳದವರು ಅಪರೂಪ! ಕೊನೆಗೆ ಎಲ್ × (ಎಲ್ + 1) ÷ (2 × ಪೈ)ನಿಂದ ಗುಣಿಸಿ, 30 ಎಲ್‌ಗೊಮ್ಮೆ ಸರಾಸರಿ ತೆಗೆದು ಗ್ರಾಫ್ ಬರೆಯಿರಿ.

ಮೊದಲ ಶಿಖರ ಎಲ್ 220ರ ಹತ್ತಿರ, ಸುಮಾರು 5700 ಮೈಕ್ರೊಕೆಲ್ವಿನ್ ವರ್ಗದ ಎತ್ತರದಲ್ಲಿ ನಿಲ್ಲಬೇಕು. ಮುಂದಿನವು 540, 810ರ ಸುತ್ತ. ಎತ್ತರ 4450ರಷ್ಟೇ ಬಂದರೆ 0.78ರ ಭಾಗಾಕಾರ ಮರೆತಿದ್ದೀರಿ.

ಶಿಖರಗಳು ಇಷ್ಟು ಚೂಪಾಗಿರುವುದೇ ಮುಖ್ಯ ಸುಳಿವು: ಒಂದೇ ಗಾತ್ರದ ಅಲೆಗಳೆಲ್ಲ ಒಂದೇ ತಾಳದಲ್ಲಿ ಶುರುವಾಗಿವೆ, ಇನ್‌ಫ್ಲೇಶನ್ ಹೇಳುವುದೂ ಇದನ್ನೇ. ಏರುಪೇರುಗಳು ಆಮೇಲೆ ಅಲ್ಲಲ್ಲಿ ಹುಟ್ಟಿದ್ದರೆ ಶಿಖರಗಳು ಮಸುಕಾಗುತ್ತಿದ್ದವು.

ಇನ್ನೊಂದು ಸುಳಿವು ಇಳಿಜಾರು, ಅಂದರೆ ಮೂಲ ಏರುಪೇರುಗಳ ಬಲ ಗಾತ್ರದೊಂದಿಗೆ ಬದಲಾಗುವ ಬಗೆ; 1 ಎಂದರೆ ಎಲ್ಲ ಗಾತ್ರಕ್ಕೂ ಒಂದೇ ಬಲ. ಅದನ್ನು ಎಡತುದಿಯ ಸಮತಟ್ಟಿಗೆ ಗೆರೆ ಎಳೆದು ಅಳೆಯಲು ಹೋಗಬೇಡಿ. ಎಲ್ 2ರಲ್ಲಿ ಸಿಗುವುದು ಐದೇ ಮಾದರಿ. ಪೂರ್ತಿ ಆಕಾಶ ನೋಡಿದರೂ 63% ಅನಿಶ್ಚಿತತೆ. ಸಿದ್ಧಾಂತದ ಸ್ಪೆಕ್ಟ್ರಮ್ ಲೆಕ್ಕ ಹಾಕುವ ಕ್ಯಾಂಬ್ ತಂತ್ರಾಂಶ ಬಳಸಿ ಎಲ್ 30ರಿಂದ 1500ರವರೆಗಿನ ಇಡೀ ವಕ್ರರೇಖೆಯನ್ನು ಹೊಂದಿಸಿ. ಅದರಾಚೆ ದೂರದ ಗ್ಯಾಲಕ್ಸಿಗಳ ಉಳಿಕೆ ಬೆಳಕು ಬೆರೆಯುತ್ತದೆ, ಅದು ಎರಡೂ ನಕ್ಷೆಗಳಲ್ಲಿರುವುದರಿಂದ ಅಡ್ಡಗುಣಾಕಾರಕ್ಕೆ ಬಗ್ಗದು. ಟೌ (ದಾರಿಯಲ್ಲಿ ಎಲೆಕ್ಟ್ರಾನ್‌ಗಳು ಈ ಬೆಳಕನ್ನು ಎಷ್ಟು ಚದುರಿಸಿವೆ ಎಂಬ ಅಳತೆ) ಬೆಲೆಯನ್ನು 0.054ಕ್ಕೆ ಕಟ್ಟಿಹಾಕಿ, ತಾಪಮಾನವೊಂದರಿಂದಲೇ ಅದನ್ನು ಒಟ್ಟು ಎತ್ತರದಿಂದ ಬೇರ್ಪಡಿಸುವುದು ಕಷ್ಟ. ಪ್ಲಾಂಕ್ ತಂಡಕ್ಕೆ ಸಿಕ್ಕ ಇಳಿಜಾರು 0.965, ನಿಮ್ಮದು 1ನ್ನು ದಾಟಿದರೆ ಮೊದಲು ಬೀಮನ್ನು ಅನುಮಾನಿಸಿ.